ಚೆನ್ನಿಗನ ಐದು ಮೆಟ್ಟಿಲು

ಓದಿದ್ದನ್ನು ಪರೀಕ್ಷೆ ಮುಗಿದ ಮರುದಿನವೇ ಮರೆತುಬಿಡುವವರು ಪುಣ್ಯವಂತರು. ಅವರು ನೆಮ್ಮದಿಯಾಗಿ ಊಟ ಮಾಡುತ್ತಾರೆ, ಹೆಂಡತಿ ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾರೆ, ಸಿನಿಮಾಕ್ಕೆ ಹೋದರೆ ಸಿನಿಮಾ ನೋಡಿಕೊಂಡು ಬರುತ್ತಾರೆ. ನನಗೆ ಆ ಭಾಗ್ಯವಿಲ್ಲ. ಪುಸ್ತಕದ ಒಂದು ವಿಚಾರ ನನ್ನ ತಲೆಗೆ ಹೊಕ್ಕಿತೆಂದರೆ ಹೊರಗೆ ಹೋಗುವ ದಾರಿ ಕಾಣದೆ ಒಳಗೇ ಸಂಸಾರ ಹೂಡಿಬಿಡುತ್ತದೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನಾನು ಎತ್ತೆತ್ತಿ ಒಗೆದದ್ದು ಹಾನುಬಾಳಿನ ಸಮಸ್ತ ಜನರನ್ನು. ಕೊನೆಗೆ ಕಲ್ಲಿನ ಮೇಲೆ ಬಿದ್ದವನು ನಾನೇ ಎಂಬುದನ್ನು ಈಗ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಸಕಲೇಶಪುರದ ಪೇಟೆಬೀದಿಯಲ್ಲಿ ಅದನ್ನು ಕೇಳದವರು ಯಾರೂ ಉಳಿದಿಲ್ಲ, ನೀವೂ ಕೇಳಿಬಿಡಿ.

ಅರವತ್ತನೆಯ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಮೇಷ್ಟರಿಕೆಗೆ ಬೇಕಾದ ತರಬೇತಿಗೆಂದು ಸರಕಾರ ನನ್ನನ್ನು ಒಂದು ವರ್ಷ ಮೈಸೂರಿಗೆ ಕಳಿಸಿತ್ತು. ಅಲ್ಲಿ ಮನಶ್ಶಾಸ್ತ್ರ ಪಾಠ ಮಾಡುತ್ತಿದ್ದವರು ಆಗತಾನೆ ಅಮೆರಿಕದಿಂದ ಬಂದಿದ್ದ ಎಳೆಯ ಪ್ರೊಫೆಸರು. ಒಂದು ದಿನ ಅವರು ಕಪ್ಪು ಹಲಗೆಯ ಮೇಲೆ ಐದು ಮೆಟ್ಟಿಲಿನ ಏಣಿಯೊಂದನ್ನು ಬರೆದು, ಮನುಷ್ಯ ಅಂದರೆ ಇಷ್ಟೇ ಅಂದರು. ಅಮೆರಿಕದ ಪಂಡಿತರೊಬ್ಬರು ಕಂಡುಹಿಡಿದದ್ದಂತೆ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ಹೊಟ್ಟೆಯದು. ಅದು ತುಂಬಿದ ಮೇಲೆ ಮನುಷ್ಯನಿಗೆ ತಲೆಯ ಮೇಲೊಂದು ಸೂರು, ಬಾಗಿಲಿಗೊಂದು ಅಗುಳಿ ಬೇಕೆನಿಸುತ್ತದೆ, ಅದು ಎರಡನೆಯದು. ಭಯ ನೀಗಿತೆಂದರೆ ಪ್ರೀತಿ ಬೇಕು, ನನ್ನವರು ಅನ್ನುವವರು ಬೇಕು. ಅದೂ ಸಿಕ್ಕರೆ ನಾಲ್ಕು ಜನ ನಮಸ್ಕಾರ ಹೊಡೆಯಬೇಕು. ಮಾನಮರ್ಯಾದೆಯೂ ಸಾಕೆನ್ನಿಸಿದ ಪುಣ್ಯಾತ್ಮ ಮಾತ್ರ ಐದನೆಯ ಮೆಟ್ಟಿಲು ಹತ್ತಿ, ತಾನು ಏನಾಗಲೆಂದು ಹುಟ್ಟಿದನೋ ಅದೇ ಆಗುತ್ತಾನೆ. ಮನುಷ್ಯನನ್ನು ಬರೀ ರೋಗಿಯೆಂದೋ ಯಂತ್ರವೆಂದೋ ನೋಡದೆ ಮೇಲಕ್ಕೆ ಬೆಳೆಯುವ ಜೀವವೆಂದು ನೋಡುವ ಶಾಸ್ತ್ರ ಇದು ಎಂದು ಪ್ರೊಫೆಸರು ಹೇಳಿದಾಗ ನನ್ನ ಕಣ್ಣು ತುಂಬಿ ಬಂತು. ಪಕ್ಕದವನು ನಿದ್ದೆ ಮಾಡುತ್ತಿದ್ದ. ಅವನು ಈಗ ಸುಖವಾಗಿದ್ದಾನೆ.

ತರಬೇತಿ ಮುಗಿಯುತ್ತಲೇ ನನ್ನನ್ನು ಹಾನುಬಾಳಿಗೆ ಹಾಕಿದರು. ನಾನು ಆಲೂರು ಕಡೆಯವನು, ಹಾನುಬಾಳು ನನಗೆ ಹೊಸದು. ಹೆಂಡತಿ ಜಾನಕಿ, ಎರಡು ಟ್ರಂಕು, ಒಂದು ಏಣಿ, ಇಷ್ಟು ಸಾಮಾನು ಹೊತ್ತು ಬಸ್ಸಿಳಿದೆ. ಏಣಿ ತಲೆಯೊಳಗಿದ್ದುದರಿಂದ ಅದಕ್ಕೆ ಲಗೇಜು ಬೀಳಲಿಲ್ಲ. ವಾರ ಕಳೆಯುವುದರೊಳಗೆ ಊರಿನ ಒಬ್ಬೊಬ್ಬರನ್ನೂ ಒಂದೊಂದು ಮೆಟ್ಟಿಲ ಮೇಲೆ ನಿಲ್ಲಿಸಿದ್ದೆ. ಕೈಯಿರುವ ಕುರ್ಚಿಯನ್ನು ಬೇರೆ ಯಾರಿಗೂ ಬಿಟ್ಟುಕೊಡದ ನಮ್ಮ ಹೆಡ್‌ಮಾಸ್ಟರು ನಾಲ್ಕನೆಯದರಲ್ಲಿ ಜೋತುಬಿದ್ದಿದ್ದರು. ಯಾರ ಮನೆಯ ಮದುವೆಯಾದರೂ ಓಡಿಹೋಗುತ್ತಿದ್ದ ಅಂಚೆಯವನು ಮೂರನೆಯದು ಅಂದುಕೊಂಡಿದ್ದೆ. ಅವನು ಪಾಯಸಕ್ಕೆ ಹೋಗುತ್ತಾನೆಂದು ತಿಳಿದ ಮೇಲೆ ಮೊದಲನೆಯದಕ್ಕೆ ಇಳಿಸಿದೆ. ಹಿತ್ತಿಲ ಬಾಗಿಲಿನ ಅಗುಳಿ ಮುರಿದಿದೆ, ಹಾಕಿಸಿಕೊಡಿ ಎಂದು ಜಾನಕಿ ಕೇಳಿದರೆ, ಇದು ಎರಡನೆಯ ಮೆಟ್ಟಿಲಿನ ಬಯಕೆ, ಸಹಜವಾದದ್ದು, ಗಾಬರಿಪಡಬೇಡ ಎಂದು ಅವಳಿಗೆ ವಿವರಿಸಿದೆ. ಅಗುಳಿ ಹಾಕಿಸಲಿಲ್ಲ. ಒಂದು ಸಂಜೆ ಪಕ್ಕದ ಮನೆಯ ಹಸು ಆ ಬಾಗಿಲಿಂದ ಅಡಿಗೆಮನೆಗೆ ನುಗ್ಗಿ ನೆನೆಹಾಕಿದ್ದ ಅಕ್ಕಿಯನ್ನು ತಿಂದು ಹೋಯಿತು. ಹಸುವಿನ ಮೆಟ್ಟಿಲು ಯಾವುದೆಂಬ ವಿಷಯದಲ್ಲಿ ಮಾತ್ರ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯ ಬರಲಿಲ್ಲ.

ಜಾನಕಿಯ ಬಗ್ಗೆ ಒಂದು ಮಾತು ಹೇಳಬೇಕು. ಅವಳು ಜಗಳಗಂಟಿಯಲ್ಲ, ಒಡವೆ ಸೀರೆ ಎಂದು ಪೀಡಿಸಿದವಳಲ್ಲ. ಅವಳಿಗೆ ಇದ್ದದ್ದು ಒಂದೇ ಆಸೆ, ತಾನು ಆಡುವ ಒಂದು ಮಾತನ್ನು ಗಂಡ ಕೊನೆಯವರೆಗೆ ಕೇಳಬೇಕೆಂಬುದು. ಅವಳು ಬಾಯಿ ತೆರೆದು ಅರ್ಧಕ್ಕೆ ಬರುವಷ್ಟರಲ್ಲಿ ಇದು ಯಾವ ಮೆಟ್ಟಿಲೆಂದು ನನಗೆ ಹೊಳೆದುಬಿಡುತ್ತಿತ್ತು. ಹೊಳೆದದ್ದನ್ನು ಹೇಳದಿದ್ದರೆ ಮೇಷ್ಟರ ನಾಲಿಗೆ ತುರಿಸುತ್ತದೆ. ಹೀಗಾಗಿ ಏಣಿ ತಲೆಗೆ ಹೊಕ್ಕಂದಿನಿಂದ ಅವಳ ಮಾತುಗಳ ಮೊದಲರ್ಧವನ್ನು ಮಾತ್ರ ನಾನು ಬಲ್ಲೆ. ಉಳಿದರ್ಧವನ್ನು ಒಲೆ ಕೇಳಿಸಿಕೊಂಡಿರಬೇಕು.

ನನ್ನ ಏಣಿಯನ್ನು ಶ್ರದ್ಧೆಯಿಂದ ಕೇಳುತ್ತಿದ್ದವರು ಪಕ್ಕದ ಎಸ್ಟೇಟಿನ ರೈಟರು ಪುಟ್ಟೇಗೌಡರೊಬ್ಬರೇ. ಆಳುಗಳ ಹಾಜರಿ ಬರೆದು ಸುಸ್ತಾಗಿ ಸಂಜೆ ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು. ಎಲ್ಲವನ್ನೂ ಕೇಳಿ ಒಂದು ದಿನ ಅವರು, “ಏಣಿ ಹತ್ತೋದು ಮೇಲೆ ಕೂತ್ಕೊಳ್ಳೋಕಲ್ಲ ಮೇಷ್ಟ್ರೆ, ಮೆಣಸು ಕುಯ್ಕೊಂಡು ಇಳಿಯೋಕೆ” ಅಂದರು. ಅವರು ಹೇಳಿದ್ದು ಮರಕ್ಕೆ ಒರಗಿಸಿ ಕಾಳುಮೆಣಸು ಕೊಯ್ಯುವ ಬಿದಿರಿನ ಏಣಿಯ ವಿಚಾರ. ಮೇಲೇ ಕೂತವನಿಗೆ ಆ ದಿನದ ಸಂಬಳ ಹಾಕುವುದಿಲ್ಲವಂತೆ. ಆದರೆ ನನ್ನೊಳಗೆ ಏನೋ ಟಣ್ ಅಂದಿತು. ಅಮೆರಿಕದವರ ಏಣಿಯಲ್ಲಿ ಹತ್ತುವುದು ಮಾತ್ರ ಉಂಟು, ಇಳಿಯುವುದಿಲ್ಲ. ಅಲ್ಲೊಂದು ಕೊರತೆಯಿದೆ. ಅದನ್ನು ತುಂಬಲು ಹುಟ್ಟಿದವನು ಹಾನುಬಾಳಿನಲ್ಲೇ ಇದ್ದಿರಬಹುದಲ್ಲವೆ?

ಹೀಗೆ ನಾನು ಉಬ್ಬಿಕೊಂಡಿದ್ದ ಸಮಯಕ್ಕೆ ಸರಿಯಾಗಿ ಒಂದು ಅವಕಾಶವೂ ಒದಗಿ ಬಂತು. ಹಾಸನದ ಕಡೆ ಒಂದು ಶಿಕ್ಷಕರ ತರಬೇತಿ ಶಾಲೆಯಲ್ಲಿ ಮನಶ್ಶಾಸ್ತ್ರ ಹೇಳುವ ಜಾಗ ಖಾಲಿಯಿತ್ತು. ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಸಕಲೇಶಪುರದಲ್ಲಿ ತಾಲೂಕಿನ ಮೇಷ್ಟರುಗಳ ಸಭೆ, ಅದಕ್ಕೆ ಶಿಕ್ಷಣಾಧಿಕಾರಿಗಳು ಬರುತ್ತಾರೆ, ಅಲ್ಲಿ ಚೆನ್ನಾಗಿ ಪ್ರಬಂಧ ಓದಿದವನ ಹೆಸರನ್ನು ಆ ಜಾಗಕ್ಕೆ ಬರೆಯುತ್ತಾರೆ ಎಂದು ಹೆಡ್‌ಮಾಸ್ಟರು ಗುಟ್ಟಾಗಿ ತಿಳಿಸಿದರು. ನನಗೆ ಮೂರು ದಿನ ಊಟ ಸೇರಲಿಲ್ಲ. ಎಂಟನೆಯ ತರಗತಿಗೆ ನದಿಗಳ ಹೆಸರು ಬಾಯಿಪಾಠ ಮಾಡಿಸುತ್ತ ಬಾಳು ಸವೆಸುವುದೋ, ಮೇಷ್ಟರುಗಳಿಗೇ ಮೇಷ್ಟರಾಗಿ ಐದನೆಯ ಮೆಟ್ಟಿಲು ಮುಟ್ಟುವುದೋ, ಎಲ್ಲ ಒಂದು ಪ್ರಬಂಧದ ಮೇಲೆ ನಿಂತಿತ್ತು. ಪ್ರಬಂಧಕ್ಕೆ ಒಬ್ಬ ಮನುಷ್ಯ ಬೇಕಿತ್ತು, ಏಣಿ ಹತ್ತಿ ಇಳಿದ ಮನುಷ್ಯ. ಊರಲ್ಲಿ ಹುಡುಕಿದೆ. ಹತ್ತಿದವರೂ ಸಿಗಲಿಲ್ಲ.

ಸಿಕ್ಕಿದ್ದು ಟೆಂಟಿನಲ್ಲಿ. ಸಕಲೇಶಪುರದ ಬಾಷಾ ಸಾಹೇಬರು ಪ್ರತಿ ವರ್ಷ ಮಳೆ ನಿಂತ ಮೇಲೆ ಆನೇಮಹಲ್‌ನಲ್ಲೊಂದು, ಹಾನುಬಾಳಿನಲ್ಲೊಂದು ಡೇರೆ ಹಾಕಿ ಸಿನಿಮಾ ತೋರಿಸುತ್ತಿದ್ದರು. ಶನಿವಾರ ಸಂಬಳ ಬಟವಾಡೆಯಾದರೆ ಆಳುಗಳಿರುವ ಎಸ್ಟೇಟ್ ಲೈನುಗಳ ಮನೆಗಳೆಲ್ಲ ಖಾಲಿ. ಆ ಶನಿವಾರ ಜಾನಕಿಯ ಜೊತೆ ನಾನೂ ಹೋದೆ. ಮನರಂಜನೆ ಮೂರನೆಯ ಮೆಟ್ಟಿಲಿನದೋ ನಾಲ್ಕನೆಯದೋ ಎಂದು ನಿರ್ಧರಿಸುವುದಕ್ಕಾಗಿ ನೋಟ್‌ಪುಸ್ತಕ ಹಿಡಿದುಕೊಂಡೇ ಹೋದೆ. ನಡುವೆ ಮರಳಿನ ದಿಬ್ಬ, ಆ ಕಡೆ ಹೆಂಗಸರು, ಈ ಕಡೆ ಗಂಡಸರು. ಜಾನಕಿ ಲೈನಿನ ಹೆಂಗಸರ ಮಧ್ಯೆ ಹೋಗಿ ಕೂತಳು. ನಾನು ಪುಟ್ಟೇಗೌಡರ ಪಕ್ಕದಲ್ಲಿ ಕೂತೆ.

ಚಿತ್ರದ ಹೆಸರು ಹೇಳುವುದಿಲ್ಲ, ಅದನ್ನು ತೆಗೆದವರದು ಏನೂ ತಪ್ಪಿಲ್ಲ. ಕಥಾನಾಯಕ ಚೆನ್ನಿಗ ಎಂಬ ಗಂಟೆ ಎರಕ ಹೊಯ್ಯುವವನು. ಚಿತ್ರ ಶುರುವಾದದ್ದೇ ಅರಮನೆಯಲ್ಲಿ. ಜರಿಪೇಟ, ಹುರಿ ಮೀಸೆ, ಶಾಲು, ಜಯಕಾರ. ಎತ್ತಿದ ಎತ್ತುಗಡೆಗೇ ನಾಲ್ಕನೆಯ ಮೆಟ್ಟಿಲು! ನಾನು ನೆಟ್ಟಗೆ ಕೂತೆ. ಈ ಚೆನ್ನಿಗ ಕೀರ್ತಿಯ ಅಮಲಿನಲ್ಲಿ ಮನೆಯನ್ನು ಮರೆಯುತ್ತಾನೆ, ಹೆಂಡತಿ ಗೌರಿ ಅವನ ದಾರಿ ಕಾದು ಕಾದು ಸಾಯುತ್ತಾಳೆ. ಹೆಂಗಸರ ಕಡೆಯಿಂದ ಒಟ್ಟಿಗೆ ಮೂಗೊರೆಸುವ ಸದ್ದು. ಚೆನ್ನಿಗ ಪೇಟವನ್ನು ರಾಜನ ಕಾಲ ಬಳಿ ಇಟ್ಟು ಬೆಟ್ಟ ಹತ್ತಿ, ಯಾರಿಗೂ ಅಲ್ಲದ, ಯಾರೂ ಕೇಳದ ಒಂದು ಗಂಟೆ ಎರಕ ಹೊಯ್ದು ತಾನೇ ಬಾರಿಸುತ್ತಾನೆ. ಅವನ ಮುಖದಲ್ಲಿ ಅಳು ನಗು ಎರಡೂ. ಐದನೆಯ ಮೆಟ್ಟಿಲೆಂದರೆ ಇದೇ ಎಂದು ನಾನು ಬರೆದುಕೊಳ್ಳುತ್ತಿರುವಾಗ ಪರದೆಯ ಮೇಲೆ ದೊಡ್ಡದಾಗಿ ‘ಶುಭಂ’ ಬಂತು. ಅದರ ಹಿಂದೆಯೇ ಇಂಟರ್‌ವಲ್ ಅಂತ ದೀಪ ಹಾಕಿದರು.

ನೀವಾಗಿದ್ದರೆ ಅಲ್ಲೇ ಏನೋ ಅನುಮಾನ ಬರುತ್ತಿತ್ತು. ನಾನು ತರಬೇತಿ ಹೊಂದಿದವನು. ಸಾಮಾನ್ಯ ಪ್ರೇಕ್ಷಕ ಎಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತಾನೋ ಅಲ್ಲಿಂದ ಈ ನಿರ್ದೇಶಕ ಮುಂದುವರಿಯುತ್ತಿದ್ದಾನೆ, ಎಂಥ ಧೈರ್ಯ ಅಂದುಕೊಂಡೆ. ಜನರೆಲ್ಲ ಎದ್ದು ಲಾಟೀನು ಹಚ್ಚಿಕೊಂಡು ಮನೆಗಳಿಗೆ ಹೊರಟರು. ಹಾನುಬಾಳಿನಲ್ಲಿ ಇಂಟರ್‌ವಲ್ ಅಂದರೆ ಒಂದು ಗಂಟೆ. ಊಟ ಮುಗಿಸಿಕೊಂಡೇ ಬರುವುದು ಪದ್ಧತಿ. ಜಾನಕಿ ದಿಬ್ಬದ ಹತ್ತಿರ ಬಂದು, “ರೀ, ಉಂಡ್ಕೊಂಡು ಬರೋಣ ಬನ್ನಿ. ಅಲ್ಲಾ, ಈ ಸಿನಿಮಾ ಐತಲ್ಲ, ಲೈನಿನವರು ಹೇಳ್ತಿದ್ರು, ಇದು...” ಎಂದು ಶುರುಮಾಡಿದಳು. ಗಂಟೆಯ ನಾದ ಕಿವಿಯಲ್ಲಿ ಮೊಳಗುತ್ತಿರುವಾಗ ಊಟದ ಮಾತೆತ್ತುವುದು ಮೊದಲನೆಯ ಮೆಟ್ಟಿಲಿನ ಲಕ್ಷಣವೆಂದು ತಿಳಿಸಿ ಅವಳನ್ನು ಕಳಿಸಿಕೊಟ್ಟೆ. ಖಾಲಿ ಟೆಂಟಿನಲ್ಲಿ ಹಸಿದುಕೊಂಡು ಒಬ್ಬನೇ ಕೂತು ನಾಲ್ಕು ಪುಟ ಬರೆದೆ.

ಊಟ ಮಾಡಿ ಎಲೆಯಡಿಕೆ ಹಾಕಿಕೊಂಡು ಜನ ತಿರುಗಿ ಬಂದರು. ದೀಪ ಆರಿತು. ಈಗ ನಟರ, ನಿರ್ಮಾಪಕರ, ನಿರ್ದೇಶಕರ ಹೆಸರುಗಳು ಬಂದವು. ತನ್ನ ಹೆಸರನ್ನು ಮೊದಲು ಹಾಕಿಕೊಳ್ಳದೆ ನಟ್ಟನಡುವೆ ಅಡಗಿಸಿಟ್ಟ ನಿರ್ದೇಶಕನ ವಿನಯಕ್ಕೆ ನಾನು ಕತ್ತಲಲ್ಲೇ ತಲೆಬಾಗಿದೆ. ಆಮೇಲೆ ಕಂಡ ಚೆನ್ನಿಗನೋ! ಮೀಸೆಯಿಲ್ಲ, ಪೇಟವಿಲ್ಲ, ಪಕ್ಕೆಲುಬು ಎಣಿಸಬಹುದು, ಸಂತೆಯಲ್ಲಿ ಬೆಲ್ಲ ಕದ್ದು ಏಟು ತಿನ್ನುತ್ತಿದ್ದಾನೆ. ಮೇಲಿನ ಮೆಟ್ಟಿಲು ಮುಟ್ಟಿದವನು ನೇರವಾಗಿ ಹಸಿವಿಗೆ ಬಿದ್ದಿದ್ದ. ಬೆಟ್ಟದ ಮೇಲಿನ ತಪಸ್ಸಿನಿಂದ ಯೌವನ ಮರಳಿದೆಯೆಂದು ಬರೆದುಕೊಂಡೆ. ಗಂಟೆ ಮಾಡುವ ಮುದುಕನೊಬ್ಬ ಅವನಿಗೆ ಆಸರೆ ಕೊಟ್ಟ. ಮುದುಕನ ಮಗಳು ಬಾಗಿಲಿಗೆ ಬಂದಳು, ನೋಡಿದರೆ ಗೌರಿ! ಸತ್ತವಳು ಎರಡು ಜಡೆ ಹಾಕಿಕೊಂಡು ನಗುತ್ತ ನಿಂತಿದ್ದಾಳೆ. ನನ್ನ ಮೈ ಜುಂ ಅಂದಿತು. ಇದು ಪುನರ್ಜನ್ಮ. ಇಬ್ಬರಿಗೂ ಮದುವೆಯಾಗುವಾಗ ಪರದೆ ಬೆಳ್ಳಗಾಯಿತು, ಹೆಂಗಸರು ಸೋಬಾನೆ ಗುನುಗುತ್ತ ಎದ್ದರು. ಪಶ್ಚಿಮದವರ ಏಣಿಗೆ ಒಂದು ತುದಿಯುಂಟು, ಅಲ್ಲಿಗೆ ಮುಗಿಯಿತು. ನಮ್ಮದು ಏಣಿಯಲ್ಲ, ಚಕ್ರ. ತುದಿ ಮುಟ್ಟಿದವನು ಮತ್ತೆ ಹಸಿಯಬೇಕು, ಮತ್ತೆ ಪ್ರೀತಿಸಬೇಕು. ಒಬ್ಬ ಗಂಟೆಗಾರನನ್ನು ಹಿಡಿದುಕೊಂಡು ನಾನು ಅಮೆರಿಕವನ್ನು ಸೋಲಿಸಿಬಿಟ್ಟಿದ್ದೆ.

ಸಂಗತಿ ಏನೆಂದು ನಿಮಗೆ ಇಷ್ಟರಲ್ಲಿ ಗೊತ್ತಾಗಿರುತ್ತದೆ, ಆದರೂ ಬಿಡಿಸಿ ಹೇಳಿಬಿಡುತ್ತೇನೆ. ಬಾಷಾ ಸಾಹೇಬರ ಬಳಿ ಟೆಂಟು ಎರಡು, ಚಿತ್ರದ ಪ್ರತಿ ಒಂದೇ. ಎರಡೂ ಕಡೆ ಒಂದೇ ಸಂಜೆ ಆಟ ನಡೆಯಬೇಕು. ಅದಕ್ಕೆ ಅವರು ಕಂಡುಕೊಂಡಿದ್ದ ದಾರಿ ಸರಳ. ಚಿತ್ರದ ಮೊದಲರ್ಧದ ಡಬ್ಬಗಳು ಆನೇಮಹಲ್‌ಗೆ, ಎರಡನೆಯ ಅರ್ಧದ ಡಬ್ಬಗಳು ಹಾನುಬಾಳಿಗೆ. ಇಂಟರ್‌ವಲ್ ಆದ ಕೂಡಲೆ ಎರಡೂ ಕಡೆಯಿಂದ ಜೀಪು ಹೊರಟು ನಡುದಾರಿಯಲ್ಲಿ ಡಬ್ಬಗಳನ್ನು ಅದಲುಬದಲು ಮಾಡಿಕೊಂಡು ವಾಪಸು. ಆನೇಮಹಲ್ ಹೆದ್ದಾರಿಯ ಮೇಲಿನ ಊರು, ಅಲ್ಲಿಯ ಜನಕ್ಕೆ ಕಥೆ ನೆಟ್ಟಗೆ ಬೇಕು. ಹಾನುಬಾಳಿನವರು ಹೊಂದಿಕೊಳ್ಳುವ ಜನ. ಮೊದಲು ಸಾವು ನೋಡಿ ಅತ್ತು, ಮನೆಗೆ ಹೋಗಿ ಉಂಡು, ಆಮೇಲೆ ಬಂದು ಮದುವೆ ನೋಡಿ ಸಂತೋಷವಾಗಿ ಮಲಗುವುದು ಅವರಿಗೆ ಮೂರು ವರ್ಷದಿಂದ ರೂಢಿಯಾಗಿತ್ತು. ಲೈನಿನ ಚಿಕ್ಕ ಮಕ್ಕಳಿಗೂ ಇದು ಗೊತ್ತು. ಗೊತ್ತಿಲ್ಲದವನು ಊರಿಗೆಲ್ಲ ಒಬ್ಬನೇ, ಮನಶ್ಶಾಸ್ತ್ರ ಓದಿದವನು.

ನನಗೆ ಯಾರೂ ಹೇಳಲಿಲ್ಲವೇ ಎಂದು ನೀವು ಕೇಳಬಹುದು. ಹೇಳದೆ ಬಿಟ್ಟವರಿಲ್ಲ. ಚಕ್ರದ ಸಿದ್ಧಾಂತವನ್ನು ವಿವರಿಸಿದಾಗ ಪುಟ್ಟೇಗೌಡರು ಬೀಡಿಯ ಹೊಗೆ ಬಿಟ್ಟು, “ಅದು ಸರಿ ಮೇಷ್ಟ್ರೆ, ನಮ್ಮೂರಲ್ಲಿ ಎಲ್ಲಾ ಸಿನಿಮಾನೂ ಹಂಗೇಯ” ಅಂದರು. ಹಳ್ಳಿಗನ ಬಾಯಲ್ಲಿ ಉಪನಿಷತ್ತು ಎಂದು ಬರೆದುಕೊಂಡೆ. ಜಾನಕಿಯಂತೂ ದಿನಕ್ಕೆರಡು ಸಲ ಪ್ರಯತ್ನಪಟ್ಟಳು. ಕಾಫಿ ತಂದಿಟ್ಟು “ರೀ, ಆ ಸಿನಿಮಾದ ವಿಷಯ ಒಂದು...” ಅನ್ನುವಳು, ನಾನು ಕೈಯೆತ್ತಿ ತಡೆಯುವೆ. ದೀಪ ಹಚ್ಚುತ್ತ “ಆನೇಮಹಲ್‌ನಲ್ಲಿ...” ಅನ್ನುವಳು. ಆನೇಮಹಲ್‌ನಲ್ಲಿ ಬಳೆ ಅಂಗಡಿ ಇರುವುದು ನನಗೆ ಗೊತ್ತು, ಈ ಹದಿನೆಂಟು ಪುಟ ಮುಗಿಯಲಿ, ಆಮೇಲೆ ಬಳೆ ಎಂದೆ. ಅವಳು ಒಳಗೆ ಹೋದಳು. ಅವಳ ಬೆನ್ನು ನೋಡಿದಾಗ ಒಂದು ಕ್ಷಣ ಮನಸ್ಸಿಗೆ ಕಸಿವಿಸಿಯಾಯಿತು. ಅದು ಮೂರನೆಯ ಮೆಟ್ಟಿಲಿನ ಕಸಿವಿಸಿ ಎಂದು ಗುರುತಿಸಿದ ಮೇಲೆ ಸರಿಹೋಯಿತು.

ಸಭೆಯ ದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಸ್ಸು ಹತ್ತಿದೆ. ಜಾನಕಿ ತಿಂಡಿ ಕಟ್ಟಿಕೊಟ್ಟಿದ್ದಳು, ಉಮೇದಿನಲ್ಲಿ ಅದನ್ನು ಮನೆಯಲ್ಲೇ ಮರೆತೆ. ಸಕಲೇಶಪುರದ ಶಾಲೆಯ ಹಾಲು ಕಿಕ್ಕಿರಿದಿತ್ತು. ಶಿಕ್ಷಣಾಧಿಕಾರಿಗಳು ದಪ್ಪ ಕನ್ನಡಕ ಹಾಕಿಕೊಂಡು ನಡುವೆ ಕೂತಿದ್ದರು. ಮೈಕಿನ ಏರ್ಪಾಟು ಬಾಷಾ ಸಾಹೇಬರದೇ. ಟೆಂಟಿನಲ್ಲಿ ಬಳಸುವ ಯಂತ್ರವನ್ನೇ ತಂದು, ಮೇಷ್ಟರುಗಳ ಸಭೆಯೆಂಬ ಗೌರವದಿಂದ ಪುಕ್ಕಟೆ ಹಾಕಿಕೊಟ್ಟಿದ್ದರು. ಅದರ ಕಹಳೆಯೊಂದನ್ನು ಹೊರಗಿನ ಮರಕ್ಕೆ ಪೇಟೆಯ ಕಡೆ ಮುಖ ಮಾಡಿ ಕಟ್ಟಿಸಿದ್ದರು. ಒಳ್ಳೆಯ ಮಾತು ನಾಲ್ಕು ಜನರ ಕಿವಿಗೆ ಬೀಳಲಿ ಎಂಬುದು ಅವರ ಆಸೆ. ನನಗಿಂತ ಮೊದಲು ಯಸಳೂರು ಕಡೆಯ ಮೇಷ್ಟರೊಬ್ಬರು ಸೀಮೆಸುಣ್ಣವನ್ನು ಶಾಲೆಯಲ್ಲೇ ತಯಾರಿಸುವುದು ಹೇಗೆಂದು ಹತ್ತು ನಿಮಿಷ ಹೇಳಿ ಎಲ್ಲರ ಕೈಗೂ ಒಂದೊಂದು ತುಂಡು ಕೊಟ್ಟು ಕೂತರು. ಪಾಪ, ಮೆಟ್ಟಿಲೇ ಇಲ್ಲದ ಮನುಷ್ಯ ಅಂದುಕೊಂಡು ನಾನು ಎದ್ದೆ.

ಓದಿದೆ ಅನ್ನುವುದಕ್ಕಿಂತ ಹಾಡಿದೆ ಅನ್ನಬೇಕು. ಏಣಿಯನ್ನು ವರ್ಣಿಸಿದೆ, ಅದನ್ನು ಮುರಿದೆ, ಚಕ್ರವನ್ನು ತಿರುಗಿಸಿದೆ. ಶುಭಂ ಎಂಬ ಅಕ್ಷರ ನಡುವೆ ಬರುವುದರ ಮರ್ಮವನ್ನು ಎರಡು ಪುಟ ಬಿಡಿಸಿದೆ. ಮೀಸೆಯೆಂದರೆ ಅಹಂಕಾರ, ಅದು ಹೋದದ್ದೇ ಬಿಡುಗಡೆ ಅಂದೆ. ಸತ್ತ ಗೌರಿ ಎರಡು ಜಡೆಯಲ್ಲಿ ಮರಳಿದ್ದನ್ನು ಎರಡೆರಡು ಸಲ ಓದಿದೆ. ಅಧಿಕಾರಿಗಳು ಕನ್ನಡಕ ತೆಗೆದು ನನ್ನನ್ನೇ ನೋಡುತ್ತಿದ್ದರು. ಮುಗಿದಾಗ ಚಪ್ಪಾಳೆ ಬಿತ್ತು, ನಿಜವಾದ ಚಪ್ಪಾಳೆ. ಆ ಅರ್ಧ ನಿಮಿಷ ನಾನು ಐದನೆಯ ಮೆಟ್ಟಿಲ ಮೇಲಿದ್ದೆ, ಅದನ್ನು ಯಾರೂ ಕಿತ್ತುಕೊಳ್ಳುವ ಹಾಗಿಲ್ಲ.

ಆಮೇಲೆ ಆನೇಮಹಲ್‌ನ ಮೇಷ್ಟರೊಬ್ಬರು ಸಂಕೋಚದಿಂದ ಎದ್ದು ನಿಂತರು. ತಾವೂ ಆ ಚಿತ್ರ ನೋಡಿದ್ದಾಗಿಯೂ, ತಮ್ಮೂರಲ್ಲಿ ಚೆನ್ನಿಗ ಮೊದಲು ಬೆಲ್ಲ ಕದ್ದು ಕೊನೆಗೆ ಬೆಟ್ಟ ಹತ್ತಿದ್ದಾಗಿಯೂ, ಸತ್ತ ಗೌರಿ ಸತ್ತೇ ಇದ್ದಳೆಂದೂ ಹೇಳಿದರು. ನಾನು ಮುಗುಳ್ನಕ್ಕು, ಒಂದೇ ಚಿತ್ರ ಒಬ್ಬೊಬ್ಬರ ಮನಸ್ಸಿಗೆ ಒಂದೊಂದು ರೀತಿ ಕಾಣುವುದುಂಟು, ಅದೂ ಮನಶ್ಶಾಸ್ತ್ರವೇ ಅಂದೆ. ಹಾಲಿನಲ್ಲಿ ಗುಸುಗುಸು ಎದ್ದಿತು. ಆಗ ಮೈಕಿನ ಯಂತ್ರದ ಪಕ್ಕದಲ್ಲಿ ಕೂತಿದ್ದ ಬಾಷಾ ಸಾಹೇಬರು, ನನಗೆ ಅವಮಾನವಾಗುತ್ತಿದೆಯೆಂದು ನೊಂದು, ನನ್ನನ್ನು ಕಾಪಾಡುವ ಒಂದೇ ಉದ್ದೇಶದಿಂದ ಮುಂದೆ ಬಂದು ಮೈಕು ಹಿಡಿದರು.

“ಮೇಷ್ಟ್ರುದು ಏನೂ ತಪ್ಪಿಲ್ಲ ಸ್ವಾಮಿ. ತಪ್ಪು ನಂದು. ನನ್ ಹತ್ರ ಐತಲ್ಲ, ಪ್ರಿಂಟು ಒಂದೇ. ಆನೇಮಹಲ್‌ಗೆ ಮೊದಲರ್ಧ ಮೊದಲು ಬಿಡ್ತೀನಿ, ಹಾನುಬಾಳಿಗೆ ಎರಡನೇ ಅರ್ಧ ಮೊದಲು ಬಿಡ್ತೀನಿ. ಊರವರ್ಗೆಲ್ಲ ಗೊತ್ತು. ಮೇಷ್ಟ್ರು ಹೊಸಬರು, ನಾನೇ ಒಂದ್ ಮಾತು ಹೇಳಬೇಕಿತ್ತು.”

ಮೊದಲು ನಗು ಕೇಳಿಸಿದ್ದು ಹೊರಗಿನಿಂದ, ಮರದ ಮೇಲಿನ ಕಹಳೆಯ ಕೆಳಗೆ ಸಂತೆ ಮಾಡುತ್ತಿದ್ದ ಜನದಿಂದ. ಅಲ್ಲಿಂದ ಅದು ಕಿಟಕಿ ಹಾರಿ ಒಳಗೆ ಬಂತು. ಅಧಿಕಾರಿಗಳು ತಡೆದುಕೊಂಡರು, ಕೆಮ್ಮಿದರು, ಕರವಸ್ತ್ರ ಕಚ್ಚಿಕೊಂಡರು, ಕೊನೆಗೆ ಮೇಜಿನ ಮೇಲೆ ತಲೆಯಿಟ್ಟು ಭುಜ ಕುಣಿಸತೊಡಗಿದರು. ಸಾವರಿಸಿಕೊಂಡ ಮೇಲೆ ನನ್ನ ಕೈ ಕುಲುಕಿ, ತಮ್ಮ ಸರ್ವಿಸಿನಲ್ಲೇ ಇಂಥ ಪ್ರಬಂಧ ಕೇಳಿರಲಿಲ್ಲವೆಂದರು. ಅವರು ಕೆಟ್ಟವರಲ್ಲ. ತರಬೇತಿ ಶಾಲೆಗೆ ಹೆಸರು ಬರೆದದ್ದು ಮಾತ್ರ ಸೀಮೆಸುಣ್ಣದ ಮೇಷ್ಟರದು.

ಎಲ್ಲರಿಗೂ ಉಪ್ಪಿಟ್ಟು ಕಾಫಿ ಹಂಚುತ್ತಿದ್ದರು. ನಾನು ಮುಖ ತೋರಿಸಲಾರದೆ ಹಿಂಬಾಗಿಲಿನಿಂದ ಜಾರಿಕೊಂಡೆ. ನಮ್ಮ ಹೆಡ್‌ಮಾಸ್ಟರು ಎದುರಿಗೆ ಸಿಕ್ಕರು, ನಾನು ಯಾರೋ ಎಂಬಂತೆ ಅಂಗಡಿಯ ಬೋರ್ಡು ಓದುತ್ತ ಹೋದರು. ಬಸ್ಸಿನಲ್ಲಿ ಕೂತಾಗ ಕಂಡಕ್ಟರು ಬಂದು ಬಹಳ ವಿನಯದಿಂದ, “ಮೇಷ್ಟ್ರೆ, ಟಿಕೀಟು ಈಗ್ಲೇ ತಗಂತೀರಾ, ಇಲ್ಲ ಇಳಿದ್ಮೇಲಾ?” ಎಂದು ಕೇಳಿದ. ಇಡೀ ಬಸ್ಸು ಹೋ ಎಂದಿತು. ಅರ್ಧ ದಾರಿಯಲ್ಲೇ ಇಳಿದುಬಿಟ್ಟೆ. ಸಂಜೆಯ ಮಬ್ಬು, ಎರಡೂ ಕಡೆ ಕಾಫಿ ಗಿಡ, ಒಬ್ಬನೇ ನಡೆದೆ. ಗಿಡಗಳ ನಡುವೆ ಏನೋ ಸರಿದಾಡಿದಂತಾಯಿತು. ಆನೆಯೆಂದು ಹದಿನೆಂಟು ಪುಟಗಳನ್ನು ಎದೆಗವುಚಿಕೊಂಡು ಓಡಿದೆ. ತಿರುಗಿ ನೋಡಿದರೆ ಯಾರದೋ ಎಮ್ಮೆ. ಮಾನ ಸಕಲೇಶಪುರದಲ್ಲೇ ಉಳಿಯಿತು, ಬಂಧುಬಳಗ ಬೋರ್ಡು ಓದುತ್ತ ಹೋಯಿತು, ಧೈರ್ಯವನ್ನು ಎಮ್ಮೆ ತಿಂದಿತು. ಮನೆಯ ದೀಪ ಕಾಣುವ ಹೊತ್ತಿಗೆ ನನ್ನ ಬಳಿ ಉಳಿದದ್ದು ಹಸಿವೊಂದೇ.

ಸುದ್ದಿ ನನಗಿಂತ ಮೊದಲು ಬಾಷಾ ಸಾಹೇಬರ ಜೀಪಿನಲ್ಲಿ ಊರು ಸೇರಿತ್ತು. ಜಾನಕಿ ಕಾಲು ತೊಳೆಯಲು ಬಿಸಿನೀರು ಕೊಟ್ಟು, ಒಲೆಯ ಮುಂದೆ ಮಣೆ ಹಾಕಿ, ಅಕ್ಕಿರೊಟ್ಟಿ ಅವರೆಕಾಯಿ ಸಾರು ಬಡಿಸಿದಳು. ಮೂರು ರೊಟ್ಟಿ ಮುಗಿಯುವವರೆಗೂ ನಾನು ತಲೆಯೆತ್ತಲಿಲ್ಲ. ನಾಲ್ಕನೆಯದನ್ನು ಹಾಕುತ್ತ ಅವಳು, “ಈಗ ಎಷ್ಟನೇ ಮೆಟ್ಲು?” ಅಂದಳು. ಅದರಲ್ಲಿ ಚುಚ್ಚು ಇರಲಿಲ್ಲ, ಅದೇ ಕಷ್ಟವಾಯಿತು. ಅವಳು ಅಷ್ಟು ದಿನದಿಂದ ಏನು ಹೇಳಬೇಕೆಂದಿದ್ದಳೋ ಹೇಳು ಎಂದು ಕೇಳಿದೆ. ಹೇಳಿದಳು. ಈ ಊರಲ್ಲಿ ಕಥೆಯನ್ನು ಹಿಂದುಮುಂದಾಗಿ ತೋರಿಸುತ್ತಾರಂತೆ, ಆನೇಮಹಲ್‌ನಲ್ಲಿ ನೆಟ್ಟಗೆ ತೋರಿಸುತ್ತಾರಂತೆ, ಅಲ್ಲಿ ಕುರ್ಚಿಗಳಿವೆಯಂತೆ, ಗಂಡ ಹೆಂಡತಿ ಪಕ್ಕಪಕ್ಕ ಕೂರಬಹುದಂತೆ. “ಒಂದ್ ಸಲ ನಿಮ್ ಜೊತೆ ಕೂತು ನೋಡೋಣಾಂತ, ಅಷ್ಟೇಯ” ಅಂದಳು. ಇಷ್ಟೇ ಇಷ್ಟು ಮಾತು. ಅರ್ಧ ನಿಮಿಷವೂ ಹಿಡಿಯಲಿಲ್ಲ. ಅದನ್ನು ಕೇಳಿಸಿಕೊಂಡಿದ್ದರೆ ನಾನು ಈ ಹೊತ್ತು ಹಾಸನದಲ್ಲಿರುತ್ತಿದ್ದೆ. ಹಾಸನ ಕೈತಪ್ಪಿದ್ದಕ್ಕಿಂತ ಆ ಮಾತು ಮೂರು ವಾರ ನನ್ನ ಬಾಗಿಲಲ್ಲಿ ಕಾದದ್ದಕ್ಕೆ ನನಗೆ ಹೆಚ್ಚು ನಾಚಿಕೆಯಾಯಿತು. ಮರುದಿನವೇ ಆಚಾರಿಯನ್ನು ಕರೆಸಿ ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿಸಿದೆ.

ಮುಂದಿನ ಶನಿವಾರ, ಇನ್ನೂ ಓಡುತ್ತಿದ್ದ ಅದೇ ಚಿತ್ರಕ್ಕೆ ಇಬ್ಬರೂ ಆನೇಮಹಲ್‌ಗೆ ಹೋದೆವು. ಬಾಷಾ ಸಾಹೇಬರು ಓಡಿಬಂದು ಮೊದಲನೆಯ ಸಾಲಿನಲ್ಲಿ ಎರಡು ಕುರ್ಚಿ ಒರೆಸಿ ಹಾಕಿಸಿದರು. ಹೆಸರುಗಳು ಮೊದಲು ಬಂದವು. ಚೆನ್ನಿಗ ಬೆಲ್ಲ ಕದ್ದ, ಆಸರೆ ಪಡೆದ, ಮದುವೆಯಾದ. ಡಬ್ಬಗಳು ಬರುವವರೆಗೆ ಒಂದು ಗಂಟೆಯ ಇಂಟರ್‌ವಲ್‌ನಲ್ಲಿ ಕಡ್ಲೇಕಾಯಿ ತಿಂದೆವು. ಆಮೇಲೆ ಅವನಿಗೆ ಪೇಟ ಬಂತು, ಗೌರಿ ಸತ್ತಳು, ಅವನು ಬೆಟ್ಟ ಹತ್ತಿ ಗಂಟೆ ಬಾರಿಸಿದ. ಅಮೆರಿಕದ ಪಂಡಿತರು ಹೇಳಿದ ಹಾಗೆಯೇ ಒಂದು ಮೆಟ್ಟಿಲೂ ತಪ್ಪದೆ ಏರಿದ. ಶುಭಂ ಅಂತ ಬಂತು, ಎಲ್ಲರೂ ಎದ್ದರು. ಜಾನಕಿ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕೂತೇ ಇದ್ದಳು, ಇನ್ನೂ ಏನೋ ಬರಬಹುದೆಂಬಂತೆ ಬಿಳಿ ಪರದೆಯನ್ನು ನೋಡುತ್ತಿದ್ದಳು.

ಬಾಷಾ ಸಾಹೇಬರ ಜೀಪಿನಲ್ಲಿ ವಾಪಸು ಬರುವಾಗ ಅವಳು, “ನಮ್ ಹಾನುಬಾಳೇ ವಾಸಿ ಕಣ್ರೀ. ಅಲ್ಲಾದ್ರೆ ಮನೆಗೋಗಿ ಉಂಡ್ಕೊಂಡು ಬರೋ ಅಷ್ಟ್ರಲ್ಲಿ ಅವಳು ಬದುಕಿರ್ತಾಳೆ” ಅಂದಳು. ನನ್ನ ಹದಿನೆಂಟು ಪುಟ ಒಂದೇ ಉಸಿರಿನಲ್ಲಿ ಮುಗಿದುಹೋಗಿತ್ತು, ಚಕ್ರ, ಪುನರ್ಜನ್ಮ ಎಲ್ಲ ಸೇರಿ. ಈ ಸಲ ಅವಳು ಮಾತು ಮುಗಿಸುವವರೆಗೆ ನಾನು ಬಾಯಿ ಬಿಡಲಿಲ್ಲ. ಮುಗಿದ ಮೇಲೂ ಬಿಡಲಿಲ್ಲ. ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಾಗ ಮಾತ್ರ, ಹುಟ್ಟುಗುಣ ನೋಡಿ, ಮೆಲ್ಲಗೆ ಜೇಬಿನಿಂದ ನೋಟ್‌ಪುಸ್ತಕ ತೆಗೆದು ಅದನ್ನು ಬರೆದುಕೊಂಡೆ.